ಹದಿನಾರು ಕಂಬಗಳ ಮಂಟಪ

ಪತ್ರಿಕೆಯವರು ಸುಳ್ಳು ಬರೆಯುತ್ತಾರೆ ಎಂಬ ಆರೋಪ ಹಳೆಯದು. ಇಪ್ಪತ್ತೆರಡು ವರ್ಷಗಳಿಂದ ಬಳ್ಳಾರಿಯ ಒಂದು ಪತ್ರಿಕೆಯ ಸುದ್ದಿಮನೆಯಲ್ಲಿ ಉಪಸಂಪಾದಕನಾಗಿ ಕುಳಿತಿರುವ ನಾನು ಈ ಆರೋಪವನ್ನು ಪೂರ್ತಿಯಾಗಿ ನಿರಾಕರಿಸುತ್ತೇನೆ. ಸುಳ್ಳು ಬರೆಯಲು ಕಲ್ಪನಾಶಕ್ತಿ ಬೇಕು. ಅದಿದ್ದವರು ನಮ್ಮಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ. ನಮ್ಮ ಕಾಯಿಲೆ ಬೇರೆ. ಪುಟದಲ್ಲಿ ಖಾಲಿ ಜಾಗ ಕಂಡರೆ ನಮಗೆ ಆಗುವುದಿಲ್ಲ. ಬೇರೆಯವರು ಖಾಲಿ ಸೈಟು ಕಂಡರೆ ಮನೆ ಕಟ್ಟಬೇಕು ಎಂದುಕೊಳ್ಳುವ ಹಾಗೆ, ನಾವು ಪುಟದಲ್ಲಿ ಒಂದು ಗೇಣು ಬಿಳಿ ಜಾಗ ಕಂಡರೆ ಏನನ್ನಾದರೂ ತಂದು ನಿಲ್ಲಿಸಿಬಿಡುತ್ತೇವೆ. ಅದು ಒಮ್ಮೆ ಲೋಳೆಸರದ ಉಪಯೋಗಗಳಾಗಿರಬಹುದು, ಇನ್ನೊಮ್ಮೆ ಮಂಡಿನೋವಿಗೆ ಮನೆಮದ್ದಾಗಿರಬಹುದು. ಈ ಸಲ ಅದು ಒಂದು ಮಂಟಪವಾಯಿತು. ಕಲ್ಲಿನ ಮಂಟಪ. ಅದನ್ನು ನಾನು ಆಗಸ್ಟ್ ಹದಿನಾಲ್ಕರ ಸಂಜೆ ಆರು ಗಂಟೆಯಿಂದ ಆರೂಕಾಲರವರೆಗೆ ಕಟ್ಟಿದೆ.

ಹಿನ್ನೆಲೆ ಹೇಳಬೇಕು. ಸ್ವಾತಂತ್ರ್ಯ ದಿನದ ಸಂಚಿಕೆ ಎಂದರೆ ಶುಭಾಶಯ ಜಾಹೀರಾತುಗಳ ಸಂಚಿಕೆ. ಹುತಾತ್ಮರಿಗೆ ಮುಖಪುಟದಲ್ಲಿ ಅಂಗೈಯಗಲ ಜಾಗ ಸಿಕ್ಕರೆ, ಅವರನ್ನು ಸ್ಮರಿಸುವ ಮುಖಂಡರಿಗೆ ಒಳಗೆ ಅರ್ಧರ್ಧ ಪುಟ ಸಿಗುತ್ತದೆ. ಅಂಥ ಮುಖಂಡರೊಬ್ಬರು ಕೊನೆಯ ಗಳಿಗೆಯಲ್ಲಿ ತಮ್ಮ ಜಾಹೀರಾತನ್ನು ವಾಪಸು ಪಡೆದರು. ಎದುರು ಪುಟದಲ್ಲಿ ಅವರ ಎದುರಾಳಿಯ ಫೋಟೋ ಇವರದಕ್ಕಿಂತ ಒಂದು ಬೆರಳು ದೊಡ್ಡದಾಗಿ ಬರುತ್ತದೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. ದೇಶಪ್ರೇಮ ಅಲ್ಲಿಗೆ ನಿಂತಿತು. ನನ್ನ ಮುಂದೆ ಎರಡು ಕಾಲಂ ಅಗಲದ ಬಿಳಿ ಜಾಗ ಬಾಯಿ ತೆರೆದು ಕುಳಿತಿತು. ಸಂಪಾದಕರು ತಮ್ಮ ಕೋಣೆಯಿಂದಲೇ, "ಹಬ್ಬದ ದಿನ ಜನ ಎಲ್ಲಾದರೂ ಹೋಗಬೇಕು ಅಂತಾರೆ. ಹತ್ತಿರದ್ದು ಯಾವುದಾದರೂ ಕೋಟೆ ಹಾಕಿ," ಎಂದರು, ಉಪ್ಪಿನಕಾಯಿ ಹಾಕಿ ಎನ್ನುವಷ್ಟು ಸಲೀಸಾಗಿ.

ಹತ್ತಿರದ ಕೋಟೆ ಎಂದೊಡನೆ ನನಗೆ ಹೊಳೆದದ್ದು ಕುರುಗೋಡು. ಆ ಬೆಟ್ಟದ ಪರಿಚಯ ನನಗೆ ಚೆನ್ನಾಗಿಯೇ ಇದೆ, ಬಸ್ಸಿನ ಕಿಟಕಿಯಿಂದ. ಹೆಂಡತಿಯ ತವರು ಸಿರುಗುಪ್ಪ. ಮದುವೆಯಾದಾಗಿನಿಂದ ಕುರುಗೋಡಿನ ಮೇಲೆ ಹಾದು ಹೋಗುವ ಬಸ್ಸಿನಲ್ಲಿ ಎಷ್ಟು ಸಲ ಕುಳಿತಿದ್ದೇನೋ ಲೆಕ್ಕವಿಲ್ಲ. ಬಸ್ಸು ನಿಂತಾಗ ಇಳಿದು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು, ಬೆಟ್ಟದ ಕಡೆ ಒಮ್ಮೆ ನೋಡಿ, ಅಲ್ಲೊಂದು ಕೋಟೆ ಇದೆ ಎಂದು ಮನಸ್ಸಿನಲ್ಲೇ ಗೌರವ ಸಲ್ಲಿಸಿ, ಮತ್ತೆ ಹತ್ತಿದ್ದೇನೆ. ಲೇಖನಕ್ಕೆ ಇದಕ್ಕಿಂತ ಹೆಚ್ಚು ಏನು ಬೇಕು? ಕಟ್ಟಿಸಿದವರು ಯಾರು ಎಂದು ನೆನಪಾಗದಿದ್ದರೆ 'ಅಂದಿನ ಅರಸರು' ಎಂದು ಬರೆಯಬೇಕು. ಏಕೆ ಕಟ್ಟಿಸಿದರು ಎಂದು ತಿಳಿಯದಿದ್ದರೆ 'ಶತ್ರುಗಳಿಂದ ರಕ್ಷಣೆಗೆ'. ದಾರಿ ಹೇಗಿದೆ ಎಂದು ತಿಳಿಯದಿದ್ದರೆ 'ಮೆಟ್ಟಿಲುಗಳಿದ್ದು ವೃದ್ಧರೂ ಆಯಾಸವಿಲ್ಲದೆ ಏರಬಹುದು'. ನಡುವೆ ಒಂದು ಮಂಟಪ ಬೇಕೇ ಬೇಕು. ಇಪ್ಪತ್ತೆರಡು ವರ್ಷಗಳಲ್ಲಿ ಮಂಟಪವಿಲ್ಲದ ಕೋಟೆಯ ಲೇಖನವೊಂದನ್ನೂ ನಾನು ತಿದ್ದಿಲ್ಲ.

ಮೊದಲು ನಾನು ಬರೆದದ್ದು 'ಬೆಟ್ಟದ ನಡುವೆ ನಾಲ್ಕು ಕಂಬಗಳ ಮಂಟಪವಿದೆ' ಎಂದಷ್ಟೇ. ಪುಟ ಕಟ್ಟುತ್ತಿದ್ದ ಸಹೋದ್ಯೋಗಿ, "ಸಾರ್, ಕೆಳಗ ಮೂರು ಸಾಲು ಕಡಿಮಿ ಬೀಳತಾವ," ಎಂದ. ನಾನು ಕಂಬಗಳನ್ನು ಹದಿನಾರು ಮಾಡಿದೆ. ಕಂಬಕ್ಕೆ ಕುಸುರಿ ಕೆತ್ತನೆ ಕೊಟ್ಟೆ. "ಇನ್ನೂ ಒಂದು ಸಾಲು ಬೇಕ್ರಿ," ಎಂದ. ಪಕ್ಕದಲ್ಲಿ ಒಂದು ಕೊಳ ತೋಡಿಸಿ, ಅದರಲ್ಲಿ ವರ್ಷವಿಡೀ ಸಿಹಿನೀರು ನಿಲ್ಲಿಸಿದೆ. ಅಂದಿನ ಅರಸರು ಹತ್ತಾರು ವರ್ಷ ಬೆವರು ಸುರಿಸಿ ಮಾಡುವ ಕೆಲಸ ಹದಿನೈದು ನಿಮಿಷದಲ್ಲಿ ಮುಗಿಯಿತು. ಕೆಳಗೆ ಹೆಸರಿಲ್ಲ, 'ನಮ್ಮ ಪ್ರತಿನಿಧಿಯಿಂದ' ಎಂದು ಹಾಕಿ ಮನೆಗೆ ಹೋದೆ. ಮರುದಿನ ರಜೆ. ಆಗಸ್ಟ್ ಹದಿನಾರರಂದು ಪತ್ರಿಕೆ ಬರುವುದಿಲ್ಲವಾದ್ದರಿಂದ ಹದಿನೈದರಂದು ನಮಗೆ ಕೆಲಸವಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದದ್ದನ್ನು ನಮ್ಮಷ್ಟು ಅಕ್ಷರಶಃ ಅನುಭವಿಸುವವರು ಇನ್ನಿಲ್ಲ.

ಆ ಸ್ವಾತಂತ್ರ್ಯ ಬೆಳಿಗ್ಗೆ ಏಳಕ್ಕೆ ಮುಗಿಯಿತು. ಸಿರುಗುಪ್ಪದಿಂದ ಮಾವನವರ ಫೋನು ಬಂತು.

ನಮ್ಮ ಮಾವನವರು ನಿವೃತ್ತ ಮುಖ್ಯೋಪಾಧ್ಯಾಯರು. ವಯಸ್ಸು ಎಪ್ಪತ್ತಾರು. ಅಚ್ಚಾದ ಅಕ್ಷರದ ಮೇಲೆ ಅವರಿಗಿರುವ ನಂಬಿಕೆ ನೋಡಿದರೆ ಅಚ್ಚು ಹಾಕುವವರಿಗೆ ನಾಚಿಕೆಯಾಗಬೇಕು. ಮಳೆ ಬರುತ್ತದೆ ಎಂದು ಪತ್ರಿಕೆಯಲ್ಲಿ ಬಂದರೆ ಬಿಸಿಲಲ್ಲೂ ಕೊಡೆ ಹಿಡಿದು ಹೋಗುತ್ತಾರೆ. ಮಳೆ ಬಾರದಿದ್ದರೆ ತಪ್ಪು ಮೋಡದ್ದು. ಪ್ರತಿ ವರ್ಷ ಆಗಸ್ಟ್ ಹದಿನೈದಕ್ಕೆ ಅವರು ಹಿಂದೆ ಕೆಲಸ ಮಾಡಿದ್ದ ಶಾಲೆಯವರು ಕರೆದು ಅವರ ಕೈಯಿಂದ ಧ್ವಜ ಹಾರಿಸಿ, ಮುಕ್ಕಾಲು ಗಂಟೆಯ ಭಾಷಣ ಮಾಡಿಸುತ್ತಿದ್ದರು. ಈ ವರ್ಷ ಹೊಸ ಸಮಿತಿ ಬಂದಿತ್ತು. ಭಾಷಣ ಬೇಡ, ಮಕ್ಕಳ ಡ್ಯಾನ್ಸ್ ಸಾಕು ಎಂದು ತೀರ್ಮಾನವಾಗಿ ಮಾವನವರಿಗೆ ಕರೆ ಬರಲಿಲ್ಲ. ಅವರು ಅದನ್ನು ಯಾರಿಗೂ ಹೇಳಿರಲಿಲ್ಲ. ಹಿಂದಿನ ವಾರ ಅತ್ತೆಯವರು ಫೋನಿನಲ್ಲಿ ನನ್ನ ಹೆಂಡತಿಗೆ ಹೇಳಿದ್ದರು: "ನಿಮ್ಮಪ್ಪ ಭಾಷಣ ಬರದು ಇಟ್ಟುಕೊಂಡು ಕುಂತಾನವ್ವ. ಗೇಟಿನ ಸಪ್ಪಳ ಆದಾಗೊಮ್ಮೆ ಎದ್ದು ನೋಡ್ತಾನ. ಊಟಾನೂ ಸರಿ ಮಾಡವಲ್ಲ."

ಆ ಮನುಷ್ಯನ ದನಿ ಈಗ ಫೋನಿನಲ್ಲಿ ಕಂಚಿನಂತಿತ್ತು. "ಅಳಿಯಾರ, ಇವತ್ತಿನ ಪೇಪರ್ ನೋಡಿದ್ರೇನು? ಕುರುಗೋಡು ಬೆಟ್ಟದಾಗ ಹದಿನಾರು ಕಂಬದ ಮಂಟಪ ಐತಂತ. ಐವತ್ತು ವರ್ಷದಿಂದ ಆ ದಾರಿಗೆ ಅಡ್ಡಾಡೀನಿ, ನನಗ ಗೊತ್ತಿಲ್ಲ ನೋಡ್ರಿ. ನೀವು ಆ ಕಡಿಂದ ಬರ್ರಿ, ನಾನು ಈ ಕಡಿಂದ ಬರ್ತೀನಿ. ಹತ್ತಕ್ಕೆಲ್ಲ ಅಲ್ಲಿರೂಣು."

ನಾನು ಶಾಂತನಾಗಿಯೇ ಪ್ರಯತ್ನಿಸಿದೆ. "ಮಾವಾರ, ಬಿಸಿಲು ಬಾಳ ಐತ್ರಿ. ಮಂಡಿನೋವು ಬ್ಯಾರೆ ನಿಮಗ."

"ವೃದ್ಧರೂ ಆಯಾಸವಿಲ್ಲದೆ ಏರಬಹುದು ಅಂತ ಐತಿ, ಮೂರನೇ ಪ್ಯಾರಾದಾಗ," ಎಂದು ಅವರು ಫೋನಿಟ್ಟರು. ನನ್ನ ವಾಕ್ಯದಿಂದಲೇ ನನ್ನನ್ನು ಸೋಲಿಸಿದವರಲ್ಲಿ ಅವರೇ ಮೊದಲಿಗರು.

ಹೆಂಡತಿ ಗಿರಿಜಾಳ ಮನಸ್ಸನ್ನು ಬೇರೆ ಕಡೆ ತಿರುಗಿಸಲು ನೋಡಿದೆ. ಚರಿತ್ರೆಯೇ ಬೇಕೆಂದರೆ ಸಂಗನಕಲ್ಲು ಇಲ್ಲೇ ಮಗ್ಗುಲಲ್ಲಿದೆ, ಶಿಲಾಯುಗದ್ದು, ಹೋಗಿ ಊಟದ ಹೊತ್ತಿಗೆ ಮನೆಗೆ ಬರಬಹುದು ಎಂದೆ. ಅದೂ ಬೇಡವೆಂದರೆ ಕುಡತಿನಿಯ ಬೂದಿದಿಬ್ಬ, ಸಾವಿರಾರು ವರ್ಷದ ಹಿಂದಿನ ದನಗಾಹಿಗಳು ಬಿಟ್ಟು ಹೋದದ್ದು.

"ಕುಡತಿನಿಗೆ ಹೋಗಿ ಬೂದಿ ನೋಡಬೇಕೇನ್ರಿ?" ಎಂದಳು ಚಪಾತಿ ಲಟ್ಟಿಸುತ್ತ. "ಅಲ್ಲಿಯ ಕರೆಂಟ್ ಫ್ಯಾಕ್ಟರಿ ಬೂದಿ ನಮ್ಮ ಚಿಕ್ಕಮ್ಮನ ಮನಿ ಮಾಳಗಿ ಮ್ಯಾಲೆ ದಿನಾ ಬೀಳತೈತಿ, ಹಪ್ಪಳ ಒಣಗಿಸಾಕ ಬಿಡವಲ್ದು. ಅಪ್ಪ ಒಂದು ವಾರದಿಂದ ಮಾತಾಡಿದ್ದಿಲ್ಲ. ಇವತ್ತ ಮಾತಾಡ್ಯಾನ. ಸುಮ್ಮನ ಗಾಡಿ ತೆಗೀರಿ."

ಆ ಲೇಖನ ಬರೆದವನು ನಾನೇ, ಆ ಬೆಟ್ಟವನ್ನು ಹತ್ತಿಲ್ಲ, ಮಂಟಪ ನನ್ನ ಕೈಕೆಲಸ ಎಂದು ಆಗಲೇ ಹೇಳಬಹುದಿತ್ತು. ಆದರೆ ಮನೆಯಲ್ಲಿ ನನಗಿರುವ ಮರ್ಯಾದೆ ಒಂದೇ ಒಂದು. ನನಗೆ ಗಾಡಿ ಸರಿಯಾಗಿ ಓಡಿಸಲು ಬರುವುದಿಲ್ಲ, ಗ್ಯಾಸ್ ಸಿಲಿಂಡರ್ ಬದಲಿಸಲು ಬರುವುದಿಲ್ಲ, ತರಕಾರಿ ಆರಿಸಲು ಬರುವುದಿಲ್ಲ. ಆದರೆ ತಿಳಿಯದ್ದನ್ನು ಹೇಳುವವನಲ್ಲ. 'ನಮ್ಮ ಮನೆಯವರು ಖಾತ್ರಿ ಇಲ್ಲದ ಮಾತು ಆಡುವುದಿಲ್ಲ' ಎಂದು ಗಿರಿಜಾ ನೆಂಟರ ಮುಂದೆ ಹೇಳುವುದುಂಟು, ಬೇರೇನೂ ಹೇಳಲು ಇಲ್ಲದಾಗ. ಅದನ್ನು ಒಂದು ಮಂಟಪಕ್ಕಾಗಿ ಕಳೆದುಕೊಳ್ಳುವುದು ಕಷ್ಟವೆನಿಸಿತು. ಗಿರಿಜಾ ಒಂದೇ ಬಾಟಲಿ ನೀರು ತುಂಬಿದಳು, ಮೇಲೆ ಕೊಳವಿದೆಯಲ್ಲ. ನಾನು ಯಾರಿಗೂ ಕಾಣದಂತೆ ಇನ್ನೂ ಐದು ತುಂಬಿ ಗಾಡಿಯ ಡಿಕ್ಕಿಯಲ್ಲಿಟ್ಟೆ. ಪಿಯುಸಿ ಓದುತ್ತಿರುವ ಮಗಳು ಅಕ್ಷತಾ ಅದನ್ನು ನೋಡಿದಳು. ಏನೂ ಕೇಳಲಿಲ್ಲ. ಅವಳು ಕೇಳದಿದ್ದಾಗ ನನಗೆ ಹೆಚ್ಚು ಭಯ.

ದಾರಿಯುದ್ದಕ್ಕೂ ದೇಶಪ್ರೇಮ ಜೋರಾಗಿತ್ತು. ಒಂದೊಂದು ಬೈಕಿನ ಮೇಲೆ ಮೂವರು ಕುಳಿತು, ಹೆಲ್ಮೆಟ್ಟಿನ ಬದಲು ಬಾವುಟ ಹಿಡಿದು, ಸಿಗ್ನಲ್ಲಿನಿಂದ ಸ್ವಾತಂತ್ರ್ಯ ಪಡೆದು ಹೋಗುತ್ತಿದ್ದರು. ಬಾದನಹಟ್ಟಿಯ ಹತ್ತಿರ ಶಾಲೆ ಬಿಟ್ಟ ಮಕ್ಕಳು ಬೂಂದಿ ಪೊಟ್ಟಣ ಹಿಡಿದು ಸಾಲಾಗಿ ಬರುತ್ತಿದ್ದರು. ನಾನು ಕಂಡ ಪೈಕಿ ಆ ದಿನ ಸ್ವಾತಂತ್ರ್ಯದಿಂದ ಖಚಿತವಾಗಿ ಏನಾದರೂ ಸಿಕ್ಕಿದ್ದು ಅವರಿಗೆ ಮಾತ್ರ. ಕುರುಗೋಡು ಮುಟ್ಟುವ ಹೊತ್ತಿಗೆ ನನಗೆ ಇನ್ನೊಂದು ಸಂಗತಿ ತಿಳಿಯಿತು. ನಮ್ಮ ಪತ್ರಿಕೆಯನ್ನು ಜನ ಓದುತ್ತಾರೆ. ಬೆಟ್ಟದ ಬುಡದಲ್ಲಿ ಏಳೆಂಟು ಗಾಡಿಗಳಿದ್ದವು. ನಾಲ್ಕು ಮಂದಿಯ ಕೈಯಲ್ಲಾದರೂ ನನ್ನ ಎರಡು ಕಾಲಂ ಇತ್ತು. ಇಪ್ಪತ್ತೆರಡು ವರ್ಷ ನಾನು ತಿದ್ದಿದ ಆಳವಾದ ವಿಶ್ಲೇಷಣೆಗಳಲ್ಲಿ ಜನ ಮಿರ್ಚಿ ಕಟ್ಟಿಸಿಕೊಂಡು ಹೋಗಿದ್ದರು. ಈ ಒಂದನ್ನು ಕತ್ತರಿಸಿ ಇಟ್ಟುಕೊಂಡಿದ್ದರು.

ಮಾವನವರು ಆಗಲೇ ಬಂದಿದ್ದರು. ಬಿಳಿ ಪಂಚೆ, ಬಿಳಿ ಜುಬ್ಬ, ಎದೆಗೆ ಪುಟ್ಟ ಧ್ವಜ. ನನ್ನ ಲೇಖನವನ್ನು ಪ್ಲಾಸ್ಟಿಕ್ ಹಾಳೆಯೊಳಗಿಟ್ಟು, ಮುಖ್ಯ ವಾಕ್ಯಗಳ ಕೆಳಗೆ ಕೆಂಪು ಗೆರೆ ಎಳೆದಿದ್ದರು. "ಎಲ್ಲಿ ಮೆಟ್ಲು?" ಎಂದು ಅತ್ತಿತ್ತ ನೋಡಿದರು. ಮೆಟ್ಟಿಲುಗಳಿರಲಿಲ್ಲ. ಬಂಡೆಗಳಿದ್ದವು, ನಡುವೆ ಕುರಿಗಳು ಕಂಡುಕೊಂಡಿದ್ದ ಒಂದು ಕಾಲುದಾರಿಯಿತ್ತು. "ಜಾಗ ಜಾಗಕ್ಕ ಸವದಾವ," ಎಂದು ತಾವೇ ತೀರ್ಪು ಕೊಟ್ಟು ಅವರು ಹತ್ತತೊಡಗಿದರು. ಎಪ್ಪತ್ತಾರರ ಮುದುಕ, ಅಚ್ಚಾದ ಒಂದು ವಾಕ್ಯದ ಬಲದ ಮೇಲೆ, ನಿಜವಾಗಿಯೂ ಆಯಾಸವಿಲ್ಲದೆ ಏರಿದರು. ಐವತ್ತರ ನಾನು ಆ ವಾಕ್ಯದ ಹುಟ್ಟು ತಿಳಿದಿದ್ದರಿಂದ ಪ್ರತಿ ಹತ್ತು ಹೆಜ್ಜೆಗೆ ನಿಲ್ಲುತ್ತಿದ್ದೆ. ಐದು ಬಾಟಲಿ ನೀರು ನನ್ನ ಬೆನ್ನ ಮೇಲಿತ್ತು.

"ಇಷ್ಟು ನೀರು ಯಾಕ್ರಿ?" ಎಂದಳು ಗಿರಿಜಾ.

"ಇರಲಿ ಅಂತ," ಎಂದೆ. ಖಾತ್ರಿ ಇಲ್ಲದ ಮಾತು ಆಡದವನು ಅಂದು ಅಲ್ಲಿಯವರೆಗೆ ಆಡಿದ ಒಂದೇ ನಿಜ.

ಬೆಟ್ಟದ ನಡುಮಧ್ಯ ಎನ್ನಬಹುದಾದ ಕಡೆ ಒಂದಿಷ್ಟು ಸಮತಟ್ಟಾದ ಜಾಗ ಬಂತು. ಮೇಲೆ ಕೋಟೆಯ ಗೋಡೆಯ ಸಾಲು ಕಾಣುತ್ತಿತ್ತು, ಕೆಳಗೆ ಊರು, ಅದರಾಚೆ ಹೊಲಗಳು. ಗಾಳಿ ಬೀಸುತ್ತಿತ್ತು, ತಂಗಾಳಿ ಎಂದು ನಾನು ಬರೆದದ್ದೊಂದು ಹೇಗೋ ಸರಿ ಬಿದ್ದಿತ್ತು. ಆನೆಗಾತ್ರದ ಒಂದು ಬಂಡೆ, ಅದರ ಸುತ್ತ ಜಾಲಿಮುಳ್ಳಿನ ಪೊದೆ, ನೆರಳಲ್ಲಿ ಐದಾರು ಕುರಿ. ಮಂಟಪ ಇರಲಿಲ್ಲ. ಮಾವನವರು ಪ್ಲಾಸ್ಟಿಕ್ ಹಾಳೆ ನೋಡಿದರು, ಬಂಡೆ ನೋಡಿದರು, ಮತ್ತೆ ಹಾಳೆ ನೋಡಿದರು. ಬೆಟ್ಟವನ್ನೂ ಲೇಖನವನ್ನೂ ಹೀಗೆ ಹೋಲಿಸಿ ನೋಡಿದಾಗ ಯಾವುದೋ ಒಂದು ತಪ್ಪಿರಬೇಕು ಎಂದು ಯಾರಿಗಾದರೂ ಹೊಳೆಯುತ್ತದೆ. ಅವರಿಗೂ ಹೊಳೆಯಿತು. ಕಣ್ಣು ತುಂಬ ನೋವಿನಿಂದ ನನ್ನ ಕಡೆ ತಿರುಗಿದರು. ಮುಗಿಯಿತು ಎಂದುಕೊಂಡೆ.

"ಕದ್ದಾರ್ರೀ ಅಳಿಯಾರ," ಎಂದರು. "ಮಂಟಪ ಕದ್ದಾರ."

ಸುತ್ತಲಿದ್ದ ಐದಾರು ಕುಟುಂಬಗಳು ಹತ್ತಿರ ಬಂದವು. ಅವರೂ ಮಂಟಪ ಹುಡುಕಿ ಸೋತವರೇ. ಇಷ್ಟು ಹೊತ್ತು ತಮ್ಮ ಕಣ್ಣೇ ಸರಿಯಿಲ್ಲವೇನೋ ಎಂದುಕೊಂಡಿದ್ದವರಿಗೆ ಈ ವಿವರಣೆ ದೊಡ್ಡ ಸಮಾಧಾನ ಕೊಟ್ಟಿತು. "ಕೊಳಾನೂ ಮುಚ್ಚಿಬಿಟ್ಟಾರ್ರಿ," ಎಂದ ಒಬ್ಬ. ಇನ್ನೊಬ್ಬ ನೆಲದ ಮೇಲಿದ್ದ ಕಲ್ಲೊಂದನ್ನು ಎತ್ತಿ, "ಇದು ಕಂಬದ ತುಣುಕು, ಇಲ್ಲಿ ಕೆತ್ತನಿ ಐತಿ ನೋಡ್ರಿ," ಎಂದು ತೋರಿಸಿದ. ಅದು ಕಲ್ಲು, ಕಲ್ಲಿನಂತೆಯೇ ಇತ್ತು. ಆದರೂ ನಾಲ್ಕು ಫೋನುಗಳು ಅದರ ಫೋಟೋ ತೆಗೆದವು.

ಕುರಿ ಕಾಯುತ್ತಿದ್ದ ಮುದುಕ ಹುಲುಗಪ್ಪನನ್ನು ಕರೆದರು. ಅರವತ್ತು ವರ್ಷದಿಂದ ಆ ಬೆಟ್ಟದಲ್ಲೇ ಕುರಿ ಮೇಯಿಸಿದವನು. ಇವನಾದರೂ ನನ್ನನ್ನು ಉಳಿಸುತ್ತಾನೆ ಎಂದುಕೊಂಡೆ. ಮಾವನವರು ಲೇಖನದ ಆ ಭಾಗವನ್ನು ಗಟ್ಟಿಯಾಗಿ ಓದಿ, "ಇಲ್ಲೊಂದು ಮಂಟಪ ಇತ್ತೋ ಇಲ್ಲೋ?" ಎಂದು ಕೇಳಿದರು. ಹುಲುಗಪ್ಪ ಬೀಡಿ ಆರಿಸಿದ. "ಪೇಪರ್‌ನಾಗ ಬಂದೈತೇನ್ರಿ?" ಎಂದ. ಬಂದಿದೆ ಎಂದರು. ಅವನು ಬಂಡೆಯ ಕಡೆ ಬಹಳ ಹೊತ್ತು ನೋಡಿ, "ಇತ್ರಿ," ಎಂದ. "ನಮ್ಮ ತಾತ ಮಳಿ ಬಂದಾಗ ಅದರಾಗ ಕುರಿ ನಿಲ್ಲಿಸ್ತಿದ್ನಂತ. ನಾನೂ ಸಣ್ಣಾವಿದ್ದಾಗ ನೋಡಿದಂಗ ಐತಿ."

ಸುದ್ದಿಮನೆಯಲ್ಲಿ ಎರಡು ಮೂಲಗಳು ಹೇಳಿದರೆ ಸುದ್ದಿ ಖಚಿತ ಎನ್ನುತ್ತೇವೆ. ನನ್ನ ಕಣ್ಣೆದುರೇ ಅದು ಖಚಿತವಾಯಿತು.

ಮುಂದೆ ಆದದ್ದನ್ನು ವರದಿಗಾರನ ಶಿಸ್ತಿನಿಂದ ಹೇಳುತ್ತೇನೆ. ಮಾವನವರು ಬಂಡೆಯ ಮೇಲೆ ನಿಂತರು. ಒಂದು ವಾರದಿಂದ ಜುಬ್ಬದ ಕಿಸೆಯಲ್ಲೇ ಇದ್ದ ಭಾಷಣ ಹೊರಗೆ ಬಂತು. ಮೊದಲೆರಡು ನಿಮಿಷ ಕಾಗದ ನೋಡಿದರು, ಆಮೇಲೆ ಅದನ್ನು ಮಡಚಿಟ್ಟರು. ಪರದೇಶದವರು ಲೂಟಿ ಮಾಡಿದ್ದು ಸಾಲದೆಂದು ನಮ್ಮವರೇ ನಮ್ಮ ಹಿರಿಯರ ಕಂಬಗಳನ್ನು ಹೊತ್ತೊಯ್ದರೆ ಸ್ವಾತಂತ್ರ್ಯ ಬಂದು ಏನಾಯಿತು ಎಂದು ಕೇಳಿದರು. "ಒಂದಲ್ಲ, ಎರಡಲ್ಲ, ಹದಿನಾರು ಕಂಬ. ಇದು ಒಬ್ಬರ ಕೆಲಸ ಅಲ್ಲ," ಎಂದರು. ಅದೊಂದು ವಿಷಯದಲ್ಲಿ ಅವರು ತಪ್ಪಿದ್ದರು. ಕುಳಿತವರು ಎಪ್ಪತ್ತು ಮಂದಿಯಾದರು, ಮೇಲೆ ಕೋಟೆ ನೋಡಿ ಇಳಿದು ಬಂದವರೂ ಸೇರಿಕೊಂಡರು. ಯಾವ ಶಾಲೆಯಲ್ಲೂ ಅವರ ಭಾಷಣಕ್ಕೆ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ. ಗಿರಿಜಾ ಸೆರಗಿನಿಂದ ಕಣ್ಣೊರೆಸಿಕೊಂಡು, "ಅಪ್ಪನ ದನಿ ನೋಡ್ರಿ, ಮೊದಲಿನಂಗ ಆಗೇತಿ," ಎಂದಳು. ಕೊನೆಗೆ ಅಕ್ಷತಾಳ ನೋಟ್‌ಬುಕ್ಕಿನ ಹಾಳೆ ಹರಿದು ಸಂಬಂಧಪಟ್ಟ ಅಧಿಕಾರಿಗಳಿಗೆ ಮನವಿ ಸಿದ್ಧವಾಯಿತು: ಪತ್ರಿಕೆಯಲ್ಲಿ ವರ್ಣಿತವಾದ ಐತಿಹಾಸಿಕ ಮಂಟಪ ಕಾಣೆಯಾಗಿದ್ದು ತನಿಖೆ ನಡೆಸಬೇಕು.

ಇಷ್ಟು ಹೊತ್ತು ಸುಮ್ಮನಿದ್ದದ್ದು ಹೇಡಿತನ. ಆದರೆ ಸರ್ಕಾರಿ ಕಾಗದ ಎಂದೊಡನೆ ನನ್ನೊಳಗಿನ ಉಪಸಂಪಾದಕ ಎಚ್ಚೆತ್ತ. ಎಪ್ಪತ್ತು ಮಂದಿ ಸುಳ್ಳಿಗೆ ಸಹಿ ಹಾಕುವುದನ್ನು ನೋಡಲಾಗಲಿಲ್ಲ. ಎದ್ದು ನಿಂತು, "ಮಾವಾರ, ಆ ಲೇಖನ ಬರೆದಾವ ನಾನಽ," ಎಂದೆ.

ಮಾವನವರ ಮುಖ ಬೆಳಗಿತು. "ಕೇಳಿದ್ರೇನ್ರಿ ಎಲ್ಲರೂ? ಕಣ್ಣಾರೆ ನೋಡಿ ಬರದಾವ ನಮ್ಮ ಅಳಿಯ. ಮನಿಯಾಗ ಸಾಕ್ಷಿ ಇಟ್ಟುಕೊಂಡು ಊರೆಲ್ಲ ಹುಡುಕಾಕತ್ತೇವಿ."

"ಹಂಗಲ್ರಿ. ನಾನು ನೋಡಿಲ್ಲ. ಈ ಬೆಟ್ಟ ನಾನು ಹತ್ತಿದ್ದು ಇವತ್ತ ಮೊದಲು. ಪೇಪರ್‌ನಾಗ ಜಾಗ ಉಳಿದಿತ್ತು, ತುಂಬಿಸಾಕ ಬರದೆ. ಇಲ್ಲಿ ಮಂಟಪ ಇರಲೇ ಇಲ್ಲ."

ಇದಕ್ಕಿಂತ ಸ್ಪಷ್ಟವಾಗಿ ನಾನು ಜೀವನದಲ್ಲಿ ಏನನ್ನೂ ಹೇಳಿಲ್ಲ. ಕುರಿಯೊಂದು ಕೆಮ್ಮಿತು. ಹುಲುಗಪ್ಪ ನನ್ನನ್ನು ಮರುಕದಿಂದ ನೋಡಿದ. "ಹೆದರ್ಯಾರ ಪಾಪ," ಎಂದ. "ಕ್ವಾರಿಯಾಗ ಕಲ್ಲು ಹೊಡಿಯೋ ಮಂದಿ ದೊಡ್ಡವರಿರತಾರ. ಫೋನು ಗೀನು ಮಾಡಿ ಹೆದರಿಸಿರಬೇಕು."

ಗುಂಪಿನಲ್ಲಿ ಗುಸುಗುಸು ಹಬ್ಬಿತು. ನೋಡಿ, ಬೆಳಿಗ್ಗೆ ಬರೆದದ್ದನ್ನು ಮಧ್ಯಾಹ್ನ ಇಲ್ಲ ಎನ್ನುತ್ತಿದ್ದಾರೆ ಎಂದರೆ ಎಂಥ ಒತ್ತಡ ಬಂದಿರಬೇಕು. ಗಿರಿಜಾ ಹತ್ತಿರ ಬಂದು ತೋಳು ಹಿಡಿದಳು. "ಯಾರ್ರಿ ಹೆದರಿಸಿದ್ದು? ನನಗಾದರೂ ಹೇಳಬಾರದೇನು? ಅದಕ್ಕ ಮುಂಜಾನಿಂದ ಇಲ್ಲಿಗೆ ಬರೂದು ಬ್ಯಾಡ ಅಂತಿದ್ರಿ." ಬೆಳಗಿನಿಂದ ನಾನು ಆಡಿದ ಪ್ರತಿಯೊಂದು ಮಾತೂ ಈಗ ನನ್ನ ವಿರುದ್ಧ, ಅಂದರೆ ನನ್ನ ಪರವಾಗಿ, ಸಾಕ್ಷಿ ಹೇಳತೊಡಗಿತು. ಮಾವನವರು ಬಂಡೆಯಿಂದ ಇಳಿದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವರು ನನ್ನ ಹೆಗಲು ಮುಟ್ಟಿದ್ದು ಅದೇ ಮೊದಲು. "ಹೆದರಬ್ಯಾಡ್ರಿ ಅಳಿಯಾರ," ಎಂದರು ಮೆಲ್ಲಗೆ. "ನಾ ಅದೀನಿ. ಮೊದಲನೇ ಸಹಿ ನಿಮ್ಮದು."

ನಿಜ ಹೇಳಿಯಾಗಿತ್ತು. ಅದನ್ನು ಯಾರೂ ತೆಗೆದುಕೊಳ್ಳಲಿಲ್ಲ. ಮತ್ತೆ ಹೇಳಿದರೆ ನನಗೆ ಪೊಲೀಸ್ ರಕ್ಷಣೆ ಕೇಳುವ ಎರಡನೇ ಮನವಿ ಸಿದ್ಧವಾಗುವ ಲಕ್ಷಣ ಕಾಣುತ್ತಿತ್ತು. ಮುದುಕರ ಕೈ ಇನ್ನೂ ಹೆಗಲ ಮೇಲಿತ್ತು. ಪೆನ್ನು ತೆಗೆದುಕೊಂಡು, 'ಪ್ರತ್ಯಕ್ಷದರ್ಶಿ' ಎಂದು ಅವರು ಬರೆದಿಟ್ಟಿದ್ದ ಜಾಗದಲ್ಲಿ ಸಹಿ ಮಾಡಿದೆ. ಮತ್ತೆ ಚಪ್ಪಾಳೆ ಬಿತ್ತು.

ಇಳಿಯುವಾಗ ಅಕ್ಷತಾ ನನ್ನ ಜೊತೆಗೇ ನಡೆದಳು. ಖಾಲಿ ಬಾಟಲಿಗಳ ಚೀಲ ತಾನೇ ಹಿಡಿದಿದ್ದಳು. "ಅಪ್ಪಾ, ನಿನ್ನ ಯಾರೂ ಹೆದರಿಸಿಲ್ಲ ಹೌದಿಲ್ಲೊ?" ಎಂದಳು.

"ಇಲ್ಲ."

"ಗೊತ್ತಿತ್ತು ನನಗ. ನಿನ್ನ ಹೆದರಿಸಾಕ ಯಾರಿಗೆ ಪುರುಸೊತ್ತು ಐತಿ." ಸ್ವಲ್ಪ ದೂರ ಹೋದ ಮೇಲೆ, "ತಾತ ಊಟ ಮಾಡ್ಯಾನ ನೋಡು, ನಾಕು ಚಪಾತಿ," ಎಂದಳು. ಅದರ ಮೇಲೆ ಅವಳು ಆ ವಿಷಯ ಎತ್ತಲಿಲ್ಲ. ಸುದ್ದಿಯನ್ನು ತಡೆಹಿಡಿಯುವುದು ಹೇಗೆಂದು ಅವಳಿಗೆ ಯಾರೂ ಕಲಿಸಿಲ್ಲ, ರಕ್ತದಲ್ಲೇ ಬಂದಿರಬೇಕು.

ಮರುದಿನ ಕಚೇರಿಗೆ ಹೋಗಿ ಸಂಪಾದಕರೆದುರು ಎಲ್ಲವನ್ನೂ ಒಪ್ಪಿಕೊಂಡೆ. ತಪ್ಪೊಪ್ಪಿಗೆಯ ಎರಡು ಸಾಲು ಹಾಕೋಣ ಎಂದೆ. ಅವರು ಗಮನವಿಟ್ಟು ಕೇಳಿ, "ಮಂಟಪ ಇಲ್ಲ ಅನ್ನೋದಕ್ಕೆ ಆಧಾರ ಏನು?" ಎಂದರು. ನಾನು ನೋಡಿ ಬಂದಿದ್ದೇನೆ ಎಂದೆ. "ನೀವು ಸಹಿ ಹಾಕಿದ ಮನವಿಯಲ್ಲಿ ಇತ್ತು ಅಂತಿದೆಯಲ್ಲ," ಎಂದು ತಮ್ಮ ಮೇಜಿನ ಮೇಲಿದ್ದ ಹಾಳೆ ತೋರಿಸಿದರು. ಕುರುಗೋಡಿನಿಂದ ಬಂದ ವರದಿ: 'ಐತಿಹಾಸಿಕ ಮಂಟಪ ಕಣ್ಮರೆ, ತನಿಖೆಗೆ ಆಗ್ರಹ'. ಜೊತೆಗೆ ಮಾವನವರ ಫೋಟೋ, ಬಂಡೆಯ ಮೇಲೆ ಕೈಯೆತ್ತಿ ನಿಂತದ್ದು. ಅದನ್ನು ತಿದ್ದಿ ಪುಟಕ್ಕೆ ಹಾಕುವ ಕೆಲಸ ನನಗೇ ಬಂತು. ಒಂದೆರಡು ಕಡೆ ಅಲ್ಪವಿರಾಮ ಬಿಟ್ಟಿತ್ತು, ಹಾಕಿದೆ.

ಒಂದು ತಿಂಗಳ ಮೇಲೆ ಸಂಬಂಧಪಟ್ಟ ಕಚೇರಿಯಿಂದ ಉತ್ತರ ಬಂತು. ಯಾವ ಕಚೇರಿ ಎಂದು ಹೇಳುವುದಿಲ್ಲ. ಸಂಬಂಧ ಪಡುವ ಕಚೇರಿಗಳು ಬಹಳ ಇವೆ. ಮಂಟಪ ಹುಡುಕಲು ಹೊರಟರೆ ಇಲ್ಲವೆಂದು ತಿಳಿಯುತ್ತದೆ, ನನ್ನ ಕಥೆ ಅಲ್ಲಿಗೆ ಮುಗಿಯುತ್ತದೆ ಎಂದು ನಾನು ಎದುರು ನೋಡುತ್ತಿದ್ದೆ. ಕಾಗದದಲ್ಲಿ ಹೀಗಿತ್ತು: 'ಪತ್ರಿಕಾ ವರದಿಯ ಹಿನ್ನೆಲೆಯಲ್ಲಿ ಸದರಿ ಸ್ಥಳವನ್ನು ಪರಿಶೀಲಿಸಲಾಗಿದ್ದು, ಮಂಟಪವು ಸುಸ್ಥಿತಿಯಲ್ಲಿರುತ್ತದೆ. ಸುತ್ತಲಿನ ಗಿಡಗಂಟಿಗಳನ್ನು ತೆರವುಗೊಳಿಸಲಾಗಿದೆ.' ನಾನು ಅದನ್ನು ಎರಡು ಸಲ ಓದಿದೆ. ಎಲ್ಲೋ ಒಂದು ಮೇಜಿನ ಹಿಂದೆ, ಒಂದು ಸಂಜೆ ಆರು ಗಂಟೆಗೆ, ಕಡತದಲ್ಲಿ ಖಾಲಿ ಜಾಗ ಕಂಡು ಕಂಗಾಲಾದ ಇನ್ನೊಬ್ಬ ಮನುಷ್ಯನಿದ್ದಾನೆ. ಅವನ ಗುರುತಿಲ್ಲ, ಆದರೂ ಅಷ್ಟು ಹತ್ತಿರದವನು ನನಗೆ ಬೇರೆ ಯಾರೂ ಇಲ್ಲ. ನಮ್ಮ ಸಂಪಾದಕರು ಅದಕ್ಕೆ 'ವರದಿ ಫಲಶ್ರುತಿ' ಎಂಬ ಪಟ್ಟಿ ಕಟ್ಟಿ ಮೂರನೇ ಪುಟದಲ್ಲಿ ಹಾಕಿಸಿದರು.

ಅದು ಅಚ್ಚಾದ ದಿನ ಬೆಳಿಗ್ಗೆ ಏಳಕ್ಕೆ ಮಾವನವರ ಫೋನು. "ನೋಡಿದ್ರೇನು ಅಳಿಯಾರ? ಹೆದರಿ ತಂದು ನಿಲ್ಲಿಸ್ಯಾರ. ಹದಿನಾರೂ ಕಂಬ. ಸಾಲಿ ಸಮಿತಿಯವರು ನಿನ್ನೆ ಸಂಜಿಕ ಮನೀಗೆ ಬಂದಿದ್ರು. ಜನವರಿ ಇಪ್ಪತ್ತಾರಕ್ಕ ಧ್ವಜ ನಾನಽ ಹಾರಿಸಬೇಕಂತ. ಭಾಷಣಾನೂ ಐತಿ. ಅದು ಮುಗಿಸಿಕೊಂಡು ಎಲ್ಲರೂ ಮಂಟಪ ನೋಡಾಕ ಹೋಗೂಣು." ಅವರ ದನಿಯಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು. ನಾನು, "ಆಗಲಿ ಮಾವಾರ," ಎಂದೆ. ಮಂಟಪ ಇದೆ ಎನ್ನಲು ಈಗ ಒಂದು ಲೇಖನ, ಒಂದು ಮನವಿ, ಎಪ್ಪತ್ತು ಸಹಿ, ಒಂದು ಸರ್ಕಾರಿ ಪತ್ರ ಮತ್ತು ಹುಲುಗಪ್ಪನ ತಾತ ಇದ್ದಾರೆ. ಇಲ್ಲ ಎನ್ನಲು ನನ್ನ ಬಳಿ ಒಂದು ಚೀಟಿಯೂ ಇಲ್ಲ.

ದಾಖಲೆಗೆ ಬೆಲೆ ಕೊಡುವವನು ಇಂಥ ಸ್ಥಿತಿಯಲ್ಲಿ ಏನು ಮಾಡಬೇಕೋ ಅದನ್ನೇ ಮಾಡಿದೆ. ಹೋದ ಭಾನುವಾರ ಮನೆಯಲ್ಲಿ ಹೇಳದೆ, ಒಬ್ಬನೇ ಬಸ್ಸು ಹಿಡಿದು ಕುರುಗೋಡಿಗೆ ಹೋಗಿ ಬೆಟ್ಟ ಹತ್ತಿದೆ. ಅದೇ ಬಂಡೆ, ಅದೇ ಜಾಲಿ. ಆ ದಿನ ಗಡಿಬಿಡಿಯಲ್ಲಿ ಸರಿಯಾಗಿ ನೋಡಿರಲಿಕ್ಕಿಲ್ಲ ಎನಿಸಿ ಬಂಡೆಯ ಹಿಂದೆ ಹೋಗಿ ನೋಡಿದೆ. ಮುಳ್ಳು ಸರಿಸಿ ಆ ಕಡೆಯಿಂದಲೂ ನೋಡಿದೆ. ಸುತ್ತ ಎರಡು ಸಲ ತಿರುಗಿದೆ. ಕಾಲಿಗೆ ಮುಳ್ಳು ಚುಚ್ಚಿದ್ದು ಬಿಟ್ಟರೆ ಬೇರೇನೂ ಸಿಗಲಿಲ್ಲ. ಕುಂಟುತ್ತ ಇಳಿದು ಬರುವಾಗ ಬುಡದಲ್ಲಿ ಹುಲುಗಪ್ಪ ಕುರಿಗಳನ್ನು ಹೊಡೆದುಕೊಂಡು ಎದುರಾದ. ಗುರುತು ಹಿಡಿದು ನಿಂತ.

"ಮಂಟಪ ನೋಡಿ ಬಂದ್ರೇನ್ರಿ ಸಾಹೇಬ್ರ?"

"ಹೂಂ," ಎಂದೆ.

"ಹೆಂಗೈತ್ರಿ?"

"ಸುಸ್ಥಿತಿಯಾಗ ಐತಿ," ಎಂದು ಬಸ್ಸಿನ ಕಡೆ ನಡೆದೆ.